ಛಾಯಾಚಿತ್ರದಲ್ಲಿ ಉಳಿದ ಬಂಡಿಗಳು

ಊರಿನಲ್ಲಿ ಎಲ್ಲಿಯಾದರೂ ಬೆಂಕಿ ಬಿದ್ದಾಗ ಸೈರನ್ ಮೊಳಗಿಸುತ್ತ ಧಾವಿಸಿ ಬರುವ ಕೆಂಪು ಬಂಡಿಯನ್ನು ಕಂಡು ಬೆರಗಾಗದ ಮಕ್ಕಳಿಲ್ಲ. ಅದರ ನೆತ್ತಿಯ ಮೇಲಿನ ಉದ್ದನೆಯ ಏಣಿ, ಸುರುಳಿ ಸುತ್ತಿದ ಕೊಳವೆ, ಹೊಳೆಯುವ ಲೋಹದ ಮೂತಿಗಳು, ಶಿರಸ್ತ್ರಾಣ ಧರಿಸಿದ ಭಟರು, ಎಲ್ಲವೂ ಒಂದು ಕ್ಷಣ ಕಣ್ಣಿಗೆ ಬಿದ್ದು ಮರೆಯಾಗುತ್ತವೆ. ಆದರೆ ಈ ಬಂಡಿಗೂ ಒಂದು ಆಯುಸ್ಸುಂಟು. ಕೆಲವು ದಶಕಗಳ ಕಾಲ ದುಡಿದ ಮೇಲೆ ಅದು ಹಳತಾಗುತ್ತದೆ. ಅದರ ಸ್ಥಾನಕ್ಕೆ ಹೊಸ ಬಂಡಿ ಬರುತ್ತದೆ. ಹಳೆಯದು ಠಾಣೆಯ ಹಿತ್ತಲಿನಲ್ಲಿ ತುಕ್ಕು ಹಿಡಿದು, ಕೊನೆಗೆ ಗುಜರಿಯವನ ತಕ್ಕಡಿಯನ್ನು ಏರುತ್ತದೆ.

ಅರಸರ ಖಡ್ಗಗಳನ್ನೂ ಸಿಂಹಾಸನಗಳನ್ನೂ ಜನರು ಜೋಪಾನ ಮಾಡುತ್ತಾರೆ. ದಿನನಿತ್ಯದ ಉಪಯೋಗದ ವಸ್ತುಗಳಿಗೆ ಆ ಭಾಗ್ಯವಿಲ್ಲ. ಕೆಲಸ ತೀರಿದೊಡನೆ ಅವು ಮೂಲೆಗೆ ಸೇರುತ್ತವೆ. ಅಗ್ನಿಶಾಮಕ ಬಂಡಿಯಂತೂ ಗಾತ್ರದಲ್ಲಿ ದೊಡ್ಡದು. ಅದನ್ನು ಕಾಪಾಡಲು ವಿಶಾಲವಾದ ಕಟ್ಟಡ ಬೇಕು, ಹಣ ಬೇಕು, ಕುಶಲರಾದ ಕೆಲಸಗಾರರು ಬೇಕು. ಆದುದರಿಂದ ಲೋಕದಲ್ಲಿ ತಯಾರಾದ ಸಾವಿರಾರು ಬಂಡಿಗಳ ಪೈಕಿ ಬೆರಳೆಣಿಕೆಯಷ್ಟು ಮಾತ್ರ ವಸ್ತುಸಂಗ್ರಹಾಲಯಗಳನ್ನು ಸೇರಿವೆ. ಉಳಿದವುಗಳ ಚರಿತ್ರೆಯನ್ನು ತಿಳಿಯಲು ಇಂದು ಇರುವ ಮುಖ್ಯ ಆಧಾರವೆಂದರೆ ಅವುಗಳ ಛಾಯಾಚಿತ್ರಗಳೇ.

ಬೆಂಕಿಯನ್ನು ಆರಿಸುವ ಯಂತ್ರದ ಕಲ್ಪನೆ ಬಹಳ ಹಳೆಯದು. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾ ನಗರದ ಕ್ಟೆಸಿಬಿಯಸ್ ಎಂಬ ಯಂತ್ರಜ್ಞನು ನೀರನ್ನು ಒತ್ತಡದಿಂದ ಚಿಮ್ಮಿಸುವ ಪಂಪನ್ನು ರಚಿಸಿದನು. ಆದರೆ ಮುಂದೆ ಶತಮಾನಗಳವರೆಗೆ ಯೂರೋಪಿನ ನಗರಗಳಲ್ಲಿ ಬೆಂಕಿಯನ್ನು ಎದುರಿಸಲು ಚರ್ಮದ ಬಕೆಟ್ಟು, ಕೈಪಿಚಕಾರಿ, ಉರಿಯುವ ಮನೆಯನ್ನು ಎಳೆದು ಕೆಡವುವ ಕೊಕ್ಕೆ ಇವೇ ಮುಖ್ಯ ಸಾಧನಗಳಾಗಿದ್ದವು. 1666ರಲ್ಲಿ ಲಂಡನ್ ನಗರಕ್ಕೆ ಬಿದ್ದ ಮಹಾ ಬೆಂಕಿಯು 13,200 ಮನೆಗಳನ್ನೂ 87 ಚರ್ಚುಗಳನ್ನೂ ನುಂಗಿತು. ಅಂತಹ ಬೆಂಕಿಯ ಮುಂದೆ ಬಕೆಟ್ಟು ಪಿಚಕಾರಿಗಳ ಆಟ ನಡೆಯುವಂತಿರಲಿಲ್ಲ.

ಈ ಸ್ಥಿತಿಯನ್ನು ಸುಧಾರಿಸಿದವರಲ್ಲಿ ಹಾಲೆಂಡಿನ ಯಾನ್ ವಾನ್ ಡರ್ ಹೈಡನ್ ಅಗ್ರಗಣ್ಯನು. ಈತನು ವೃತ್ತಿಯಿಂದ ಯಂತ್ರಜ್ಞನಲ್ಲ. ನಗರದೃಶ್ಯಗಳನ್ನು ಒಂದೊಂದು ಇಟ್ಟಿಗೆಯೂ ಕಾಣುವಂತೆ ಬಿಡಿಸುತ್ತಿದ್ದ ಹೆಸರಾಂತ ಚಿತ್ರಕಾರನು. 1672ರ ಸುಮಾರಿಗೆ ಆತನು ತನ್ನ ಸೋದರನೊಡನೆ ಸೇರಿ, ಪಂಪಿಗೆ ಜೋಡಿಸುವ ಚರ್ಮದ ಉದ್ದನೆಯ ಕೊಳವೆಯನ್ನು ರೂಪಿಸಿದನು. ಅದಕ್ಕೆ ಹಿಂದೆ ಪಂಪಿನ ಮೂತಿಯು ಯಂತ್ರದ ಮೇಲೆಯೇ ಕೂಡಿಕೊಂಡಿರುತ್ತಿತ್ತು. ಯಂತ್ರವನ್ನು ಉರಿಯುವ ಮನೆಯ ಬಾಗಿಲಿಗೇ ತಂದು ನಿಲ್ಲಿಸಬೇಕಾಗಿತ್ತು. ಬಾಗಿ ಬಳುಕುವ ಕೊಳವೆ ಬಂದ ಮೇಲೆ ಯಂತ್ರವು ದೂರದಲ್ಲಿ ನಿಂತಿದ್ದರೂ ನೀರು ಮನೆಯ ಒಳಗೆ, ಬೆಂಕಿಯ ಬುಡಕ್ಕೇ ತಲುಪುವಂತಾಯಿತು. 1690ರಲ್ಲಿ ವಾನ್ ಡರ್ ಹೈಡನ್ ಈ ವಿಷಯವಾಗಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಆಮ್‌ಸ್ಟರ್‌ಡಾಮ್ ನಗರದಲ್ಲಿ ನಿಜವಾಗಿ ನಡೆದ ಬೆಂಕಿ ಅನಾಹುತಗಳು, ಅಲ್ಲಿ ಹಳೆಯ ಯಂತ್ರಗಳು ಸೋತ ಬಗೆ, ಹೊಸ ಯಂತ್ರಗಳು ಗೆದ್ದ ಬಗೆ ಇವನ್ನೆಲ್ಲ ಅದರಲ್ಲಿ ಚಿತ್ರಗಳ ಮೂಲಕ ತೋರಿಸಿದನು. ಹೀಗೆ ಅಗ್ನಿಶಾಮಕ ಯಂತ್ರದ ಚರಿತ್ರೆಯೂ ಅದರ ಚಿತ್ರಗಳ ಚರಿತ್ರೆಯೂ ಒಬ್ಬನೇ ವ್ಯಕ್ತಿಯ ಕೈಯಲ್ಲಿ ಒಂದುಗೂಡಿದವು.

ಚಿತ್ರಕಾರನು ತಾನು ಕಂಡದ್ದನ್ನು ಬರೆಯುತ್ತಾನೆ. ಕೆಲವೊಮ್ಮೆ ಕಾಣಬಯಸಿದ್ದನ್ನೂ ಬರೆಯುತ್ತಾನೆ. ತನ್ನ ಎದುರಿಗೆ ಇದ್ದುದನ್ನು ಬೆಳಕಿನ ಸಹಾಯದಿಂದ ತಾನೇ ಅಚ್ಚೊತ್ತಿಕೊಳ್ಳುವ ಸಾಧನವೊಂದು ಲೋಕಕ್ಕೆ ದೊರೆತದ್ದು 1839ರಲ್ಲಿ. ಆ ವರ್ಷ ಫ್ರಾನ್ಸಿನ ಡಾಗೇರ್ ಎಂಬಾತನ ಛಾಯಾಗ್ರಹಣ ವಿಧಾನವು ಪ್ಯಾರಿಸ್ಸಿನಲ್ಲಿ ಬಹಿರಂಗವಾಯಿತು. ಮೂರೇ ವರ್ಷಗಳಲ್ಲಿ, ಎಂದರೆ 1842ರ ಮೇ ತಿಂಗಳಲ್ಲಿ, ಜರ್ಮನಿಯ ಹ್ಯಾಂಬರ್ಗ್ ನಗರವು ಬೆಂಕಿಗೆ ಆಹುತಿಯಾದಾಗ ಹೆರ್ಮನ್ ಬಿಯೋವ್ ಎಂಬ ಛಾಯಾಗ್ರಾಹಕನು ಅಲ್ಲಿನ ಅವಶೇಷಗಳ ಚಿತ್ರಗಳನ್ನು ತೆಗೆದನು. ಆದರೆ ಅವು ಬೆಂಕಿ ಆರಿದ ಮೇಲಿನ ಚಿತ್ರಗಳು. ಉರಿಯುತ್ತಿರುವ ಬೆಂಕಿಯನ್ನೇ ಸೆರೆಹಿಡಿದ ಅತ್ಯಂತ ಹಳೆಯ ಛಾಯಾಚಿತ್ರಗಳಲ್ಲಿ ಒಂದು ಅಮೆರಿಕದ್ದು. 1853ರ ಜುಲೈ 5ರಂದು ನ್ಯೂಯಾರ್ಕ್ ರಾಜ್ಯದ ಆಸ್ವೀಗೋ ಎಂಬ ಊರಿನಲ್ಲಿ ಹಿಟ್ಟಿನ ಗಿರಣಿಗಳು ಹತ್ತಿ ಉರಿದವು. ಆ ಊರಿನಲ್ಲಿದ್ದ ಜಾರ್ಜ್ ಬಾರ್ನಾರ್ಡ್ ಎಂಬ ಛಾಯಾಗ್ರಾಹಕನು ಆ ದೃಶ್ಯವನ್ನು ಬೆಳ್ಳಿಯ ಲೇಪವಿದ್ದ ತಗಡಿನ ಮೇಲೆ ಮೂಡಿಸಿಕೊಂಡನು. ಜ್ವಾಲೆಗಳಿಗೆ ಕೈಯಿಂದಲೇ ಕೆಂಪು ಬಣ್ಣವನ್ನು ಹಚ್ಚಲಾಯಿತು.

ಅದೇ 1853ನೆಯ ವರ್ಷದ ಏಪ್ರಿಲ್ 1ರಂದು ಅಮೆರಿಕದ ಸಿನ್ಸಿನಾಟಿ ನಗರದಲ್ಲಿ ಇನ್ನೊಂದು ಮಹತ್ವದ ಘಟನೆ ನಡೆಯಿತು. ಅಲ್ಲಿಯವರೆಗೆ ಬೆಂಕಿಯನ್ನು ಆರಿಸುತ್ತಿದ್ದವರು ಸಂಬಳವಿಲ್ಲದ ಸ್ವಯಂಸೇವಕರು. ಅವರಲ್ಲಿ ಬೇರೆ ಬೇರೆ ತಂಡಗಳಿದ್ದವು. ಉರಿಯುವ ಮನೆಯ ಮುಂದೆಯೇ ಆ ತಂಡಗಳು ತಮ್ಮ ತಮ್ಮಲ್ಲಿ ಕಾದಾಡುತ್ತಿದ್ದುದೂ ಉಂಟು. ಸಿನ್ಸಿನಾಟಿ ನಗರವು ಉಗಿಶಕ್ತಿಯಿಂದ ನಡೆಯುವ ಪಂಪನ್ನು ಕೊಂಡು, ಸಂಬಳ ಪಡೆಯುವ ಖಾಯಂ ದಳವನ್ನು ಸ್ಥಾಪಿಸಿತು. ಉಗಿಯ ಪಂಪು ಹೊಸದೇನೂ ಆಗಿರಲಿಲ್ಲ. 1829ರಲ್ಲಿಯೇ ಲಂಡನ್ನಿನಲ್ಲಿ ಬ್ರೇತ್‌ವೇಟ್ ಮತ್ತು ಎರಿಕ್ಸನ್ ಎಂಬವರು ಅದನ್ನು ತಯಾರಿಸಿದ್ದರು. ಆದರೆ ಹತ್ತಾರು ಜನ ಬೆವರು ಸುರಿಸಿ ಕೈಯಿಂದ ಒತ್ತುವ ಪಂಪನ್ನು ಬಿಟ್ಟುಕೊಡಲು ಸ್ವಯಂಸೇವಕರಿಗೆ ಮನಸ್ಸಿರಲಿಲ್ಲ. ಸಿನ್ಸಿನಾಟಿಯ ಉದಾಹರಣೆಯ ನಂತರ ಉಗಿಯಂತ್ರವು ಒಂದೊಂದೇ ನಗರವನ್ನು ಪ್ರವೇಶಿಸಿತು. ಹೀಗೆ ಛಾಯಾಚಿತ್ರವು ಬೆಂಕಿಯ ಬಳಿಗೆ ಬಂದುದೂ ಉಗಿಯ ಪಂಪು ಊರಿನ ಸೇವೆಗೆ ನಿಂತುದೂ ಒಂದೇ ವರ್ಷದಲ್ಲಿ. ಮುಂದಿನ ಕಾಲದಲ್ಲಿ ಎರಡೂ ಜೊತೆಜೊತೆಯಾಗಿ ಬೆಳೆದವು.

ಉಗಿಯ ಬಂಡಿಗಳ ಯುಗವು ಕುದುರೆಗಳ ಯುಗವೂ ಆಗಿತ್ತು. ಭಾರವಾದ ಬಾಯ್ಲರನ್ನೂ ಪಂಪನ್ನೂ ಹೊತ್ತ ಬಂಡಿಯನ್ನು ಎರಡು ಅಥವಾ ಮೂರು ಬಲಿಷ್ಠ ಕುದುರೆಗಳು ಎಳೆಯುತ್ತಿದ್ದವು. ಠಾಣೆಯಲ್ಲಿ ಗಂಟೆ ಬಾರಿಸಿದೊಡನೆ ಕುದುರೆಗಳು ತಾವಾಗಿಯೇ ಲಾಯದಿಂದ ಹೊರಟು ಬಂಡಿಯ ಮುಂದೆ ಬಂದು ನಿಲ್ಲುವಂತೆ ಅವುಗಳಿಗೆ ತರಬೇತಿ ನೀಡಿದ್ದರು. ಮೇಲೆ ಸೂರಿನಿಂದ ತೂಗುಹಾಕಿದ್ದ ಸರಂಜಾಮು ಅವುಗಳ ಬೆನ್ನಿನ ಮೇಲೆ ಇಳಿಯುತ್ತಿತ್ತು. 1872ರಲ್ಲಿ ಅಮೆರಿಕದ ಕುದುರೆಗಳಿಗೆ ಒಂದು ಸಾಂಕ್ರಾಮಿಕ ಜ್ವರ ತಗುಲಿತು. ಅದೇ ಸಮಯದಲ್ಲಿ, ನವೆಂಬರ್ 9ರಂದು, ಬಾಸ್ಟನ್ ನಗರಕ್ಕೆ ಬೆಂಕಿ ಬಿದ್ದಿತು. ಕುದುರೆಗಳಿಲ್ಲದ ಕಾರಣ ಜನರೇ ಹಗ್ಗ ಕಟ್ಟಿ ಬಂಡಿಗಳನ್ನು ಎಳೆಯಬೇಕಾಯಿತು. ಬೆಂಕಿಯು 65 ಎಕರೆಗಳಲ್ಲಿದ್ದ 776 ಕಟ್ಟಡಗಳನ್ನು ಸುಟ್ಟಿತು. ಜೇಮ್ಸ್ ವ್ಯಾಲೇಸ್ ಬ್ಲ್ಯಾಕ್ ಎಂಬ ಛಾಯಾಗ್ರಾಹಕನು ತೆಗೆದ ಅವಶೇಷಗಳ ಚಿತ್ರಗಳಲ್ಲಿ ಆ ನಾಶದ ವಿಸ್ತಾರ ಇಂದಿಗೂ ಕಾಣುತ್ತದೆ.

ಆ ಕಾಲದ ಛಾಯಾಚಿತ್ರಗಳಲ್ಲಿ ಬಂಡಿಗಳು ಠಾಣೆಯ ಮುಂದೆ ನಿಶ್ಚಲವಾಗಿ ನಿಂತಿರುತ್ತವೆ. ಭಟರು ಮೀಸೆ ತಿರುವಿ, ಎದೆಯುಬ್ಬಿಸಿ, ಸಾಲಾಗಿ ನಿಂತಿರುತ್ತಾರೆ. ಇದಕ್ಕೆ ಕಾರಣ ಅವರ ಗಾಂಭೀರ್ಯವೊಂದೇ ಅಲ್ಲ. ಅಂದಿನ ಗಾಜಿನ ಫಲಕಗಳು ಬೆಳಕನ್ನು ನಿಧಾನವಾಗಿ ಗ್ರಹಿಸುತ್ತಿದ್ದವು. ಚಲಿಸಿದ ವಸ್ತುವು ಚಿತ್ರದಲ್ಲಿ ಮಂಜಿನಂತೆ ಕಲಸಿಹೋಗುತ್ತಿತ್ತು. 1871ರಲ್ಲಿ ಇಂಗ್ಲೆಂಡಿನ ರಿಚರ್ಡ್ ಮ್ಯಾಡಾಕ್ಸ್ ಎಂಬ ವೈದ್ಯನು ಜೆಲಟಿನ್ ಲೇಪಿಸಿದ ಒಣ ಫಲಕದ ವಿಧಾನವನ್ನು ಸೂಚಿಸಿದನು. 1878ರಲ್ಲಿ ಮೈಬ್ರಿಜ್ ಎಂಬಾತನು ಓಡುವ ಕುದುರೆಯ ಚಿತ್ರಗಳನ್ನು ಸಾಲಾಗಿ ತೆಗೆದು, ಅದರ ನಾಲ್ಕು ಕಾಲುಗಳೂ ಒಂದು ಕ್ಷಣ ನೆಲವನ್ನು ಬಿಟ್ಟಿರುತ್ತವೆ ಎಂಬುದನ್ನು ತೋರಿಸಿದನು. ಒಣ ಫಲಕಗಳು ಬಳಕೆಗೆ ಬಂದ ಮೇಲೆ, ಕಿಡಿ ಕಾರುವ ಬಾಯ್ಲರಿನ ಮುಂದೆ ನಾಗಾಲೋಟದಿಂದ ಓಡುವ ಕುದುರೆಗಳು ಮೊದಲ ಬಾರಿಗೆ ಚಿತ್ರದಲ್ಲಿ ಮೂಡಿದವು.

ಇಂತಹ ಒಂದು ಚಿತ್ರವು ಅಮೆರಿಕದ ಕಾಂಗ್ರೆಸ್ ಗ್ರಂಥಾಲಯದಲ್ಲಿದೆ. ನ್ಯೂಯಾರ್ಕಿನ ಬೀದಿಯೊಂದರಲ್ಲಿ ಕುದುರೆ ಕಟ್ಟಿದ ಬಂಡಿಗಳು ಧಾವಿಸುತ್ತಿರುವ ಚಿತ್ರವದು. ಅವು ಹೊರಟದ್ದು 1911ರ ಮಾರ್ಚ್ 25ರಂದು ಟ್ರಯಾಂಗಲ್ ಎಂಬ ಸಿದ್ಧ ಉಡುಪಿನ ಕಾರ್ಖಾನೆಗೆ ಬಿದ್ದ ಬೆಂಕಿಯನ್ನು ಆರಿಸಲು. ಕಾರ್ಖಾನೆಯು ಹತ್ತು ಅಂತಸ್ತುಗಳ ಕಟ್ಟಡದ ಮೇಲಿನ ಮೂರು ಅಂತಸ್ತುಗಳಲ್ಲಿತ್ತು. ಬಂಡಿಗಳು ಬೇಗನೆ ಬಂದವು. ಕುದುರೆಗಳು ತಮ್ಮ ಕೆಲಸವನ್ನು ಮಾಡಿದವು, ಭಟರೂ ಮಾಡಿದರು. ಆದರೆ ಏಣಿಯು ಆರನೆಯ ಅಂತಸ್ತಿನವರೆಗೆ ಮಾತ್ರ ಏರಿತು. ಅದರ ಮೇಲಕ್ಕೆ ಅದು ಬೆಳೆಯಲಿಲ್ಲ. ಆ ದಿನ 146 ಮಂದಿ ಕೆಲಸಗಾರರು ಸತ್ತರು. ಅವರಲ್ಲಿ ಬಹುಪಾಲು ಹೊರದೇಶಗಳಿಂದ ಹೊಟ್ಟೆಪಾಡಿಗಾಗಿ ಬಂದಿದ್ದ ಎಳೆಯ ವಯಸ್ಸಿನ ಹೆಣ್ಣುಮಕ್ಕಳು. ಕಟ್ಟಡದ ಕಡೆಗೆ ನೀರನ್ನು ಚಿಮ್ಮಿಸುತ್ತಿರುವ ಯಂತ್ರಗಳ ಚಿತ್ರಗಳೂ ಉಳಿದಿವೆ. ಕಟ್ಟಡಗಳು ಬೆಳೆದ ಎತ್ತರಕ್ಕೆ ಏಣಿಗಳು ಬೆಳೆದಿರಲಿಲ್ಲವೆಂಬ ಮಾತನ್ನು ಬರಹದಲ್ಲಿ ಓದುವುದು ಬೇರೆ, ಚಿತ್ರದಲ್ಲಿ ಕಾಣುವುದು ಬೇರೆ. ಅದೇ ವರ್ಷ ನ್ಯೂಯಾರ್ಕ್ ರಾಜ್ಯವು ಒಂದು ತನಿಖಾ ಆಯೋಗವನ್ನು ನೇಮಿಸಿತು. ಕಾರ್ಖಾನೆಗಳಲ್ಲಿ ಹೊರಹೋಗುವ ದಾರಿಗಳು ಹೇಗಿರಬೇಕು, ಕೆಲಸಗಾರರಿಗೆ ಬೆಂಕಿಯ ಸಮಯದ ಅಭ್ಯಾಸವನ್ನು ಹೇಗೆ ಮಾಡಿಸಬೇಕು ಎಂಬ ವಿಷಯಗಳಲ್ಲಿ ಹೊಸ ಕಾನೂನುಗಳು ಬಂದವು. ಹಳೆಯ ಬಂಡಿಯ ಚಿತ್ರವೆಂದರೆ ಕೇವಲ ಕುತೂಹಲದ ವಸ್ತುವಲ್ಲ ಎಂಬುದಕ್ಕೆ ಇದೊಂದೇ ನಿದರ್ಶನ ಸಾಕು.

ಅಷ್ಟರಲ್ಲಿ ಪೆಟ್ರೋಲ್ ಎಂಜಿನ್ನಿನ ಕಾಲ ಆರಂಭವಾಗಿತ್ತು. 1904ರಲ್ಲಿ ಇಂಗ್ಲೆಂಡಿನ ಮೆರಿವೆದರ್ ಕಂಪನಿಯು ಫಿಂಚ್ಲಿ ಎಂಬ ಊರಿಗಾಗಿ ತಯಾರಿಸಿದ ಬಂಡಿಯಲ್ಲಿ ಗಾಲಿಗಳನ್ನು ಓಡಿಸುವುದಕ್ಕೂ ಪಂಪನ್ನು ನಡೆಸುವುದಕ್ಕೂ ಪೆಟ್ರೋಲ್ ಎಂಜಿನ್ನೇ ಸಾಕಾಯಿತು. ಬಾಯ್ಲರಿನಲ್ಲಿ ನೀರು ಕುದಿಯುವವರೆಗೆ ಕಾಯುವ ಅಗತ್ಯ ತಪ್ಪಿತು. ಮೇವು, ಲಾಯ, ಲಾಳಗಳ ಖರ್ಚೂ ಇಲ್ಲವಾಯಿತು. 1922ರ ಡಿಸೆಂಬರ್ 20ರಂದು ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಲ್ಲಿ ಆ ನಗರದ ಕುದುರೆ ಕಟ್ಟಿದ ಕೊನೆಯ ಅಗ್ನಿಶಾಮಕ ಬಂಡಿ ತನ್ನ ಕೊನೆಯ ಓಟವನ್ನು ಓಡಿತು. ಅದು ನಿಜವಾದ ಬೆಂಕಿಗಾಗಿ ಹೊರಟ ಓಟವಲ್ಲ, ಬೀಳ್ಕೊಡುಗೆಗಾಗಿ ಏರ್ಪಡಿಸಿದ ಓಟ. ಆ ದಿನದ ಛಾಯಾಚಿತ್ರಗಳು ಉಳಿದಿವೆ. ಒಂದು ಯುಗವು ಮುಗಿಯಿತೆಂದು ಸಾಮಾನ್ಯವಾಗಿ ಜನರಿಗೆ ತಿಳಿಯುವುದು ಅದು ಮುಗಿದು ಬಹಳ ಕಾಲವಾದ ಮೇಲೆ. ಆ ದಿನ ಮಾತ್ರ ಜನರು ಅದನ್ನು ಮೊದಲೇ ತಿಳಿದು ಕ್ಯಾಮರಾಗಳನ್ನು ಸಿದ್ಧಪಡಿಸಿಕೊಂಡಿದ್ದರು.

ಆದರೆ ಮೋಟಾರು ಬಂಡಿಗಳಿಗೆ ಅಂತಹ ಬೀಳ್ಕೊಡುಗೆ ದೊರೆಯುವುದು ಅಪರೂಪ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಯುದ್ಧಸಾಮಗ್ರಿಗಾಗಿ ಹಳೆಯ ಲೋಹವನ್ನು ಸಂಗ್ರಹಿಸಿದಾಗ ಅಮೆರಿಕದಲ್ಲಿ ಅನೇಕ ಹಳೆಯ ಬಂಡಿಗಳು ಕುಲುಮೆಯ ಪಾಲಾದವು. ಉಳಿದವುಗಳನ್ನಾದರೂ ರಕ್ಷಿಸಬೇಕೆಂಬ ಎಚ್ಚರ ನಿಧಾನವಾಗಿ ಮೂಡಿತು. 1958ರಲ್ಲಿ ಅಮೆರಿಕದ ಹಳೆಯ ಅಗ್ನಿಶಾಮಕ ಮೋಟಾರು ಬಂಡಿಗಳ ಅಭಿಮಾನಿಗಳು ಒಂದು ಸಂಘವನ್ನು ಕಟ್ಟಿಕೊಂಡರು. ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ ‘ಹಾಲ್ ಆಫ್ ಫ್ಲೇಮ್’ ಎಂಬ ದೊಡ್ಡ ಸಂಗ್ರಹಾಲಯವು ಈ ಬಂಡಿಗಳಿಗಾಗಿಯೇ ಇದೆ. ಭಾರತದಲ್ಲಿಯೂ ಇಂತಹ ಒಂದು ಅಪೂರ್ವ ಬಂಡಿ ಉಳಿದಿದೆ. ಇಂಗ್ಲೆಂಡಿನ ಜಾನ್ ಮಾರಿಸ್ ಕಂಪನಿಯು 1914ರಲ್ಲಿ ತಯಾರಿಸಿದ, ಹಿಂದೆ ಹೈದರಾಬಾದಿನ ನಿಜಾಮರ ರೈಲ್ವೆಯಲ್ಲಿದ್ದ ಬಂಡಿಯನ್ನು ದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು.

ಮುರಿದು ಬಿದ್ದಿರುವ ಹಳೆಯ ಬಂಡಿಯನ್ನು ಮತ್ತೆ ಮೊದಲಿನಂತೆ ಮಾಡಬೇಕಾದರೆ ಅದು ಮೊದಲು ಹೇಗಿತ್ತು ಎಂಬುದು ತಿಳಿಯಬೇಕು. ಇಲ್ಲಿ ಛಾಯಾಚಿತ್ರವು ಮಾರ್ಗದರ್ಶಿಯಾಗುತ್ತದೆ. ಬಂಡಿಯನ್ನು ತಯಾರಿಸಿದ ಕಂಪನಿಗಳು ಅದನ್ನು ಗಿರಾಕಿಗೆ ಒಪ್ಪಿಸುವ ಮೊದಲು ಕಾರ್ಖಾನೆಯ ಮುಂದೆ ನಿಲ್ಲಿಸಿ ಚಿತ್ರ ತೆಗೆಸುತ್ತಿದ್ದವು. ಅದರಲ್ಲಿ ಗಂಟೆ ಎಲ್ಲಿತ್ತು, ದೀಪಗಳು ಎಷ್ಟಿದ್ದವು, ಏಣಿಯನ್ನು ಯಾವ ಪಟ್ಟಿಯಿಂದ ಬಿಗಿದಿದ್ದರು, ಪಕ್ಕದಲ್ಲಿ ಯಾವ ಅಕ್ಷರಗಳನ್ನು ಬರೆದಿದ್ದರು ಎಂಬುದೆಲ್ಲ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಅದು ಮದುವೆಯ ದಿನದ ವಧುವಿನ ಚಿತ್ರದಂತೆ. ಸಂಸಾರದ ಕಥೆಯನ್ನು ಅದು ಹೇಳುವುದಿಲ್ಲ. ಮುಂದೆ ಹತ್ತಾರು ವರ್ಷಗಳ ಕಾಲ ಬಂಡಿಯು ಹೇಗೆ ದುಡಿಯಿತೆಂಬುದನ್ನು ತಿಳಿಯಲು ಬೀದಿಯಲ್ಲಿ ತೆಗೆದ ಚಿತ್ರಗಳು ಬೇಕು. ಅವುಗಳಲ್ಲಿ ಬಂಡಿಯ ಮೈಗೆ ಕೆಸರು ಮೆತ್ತಿರುತ್ತದೆ, ತಗಡು ತಗ್ಗಾಗಿರುತ್ತದೆ, ಒಡೆದ ದೀಪದ ಜಾಗದಲ್ಲಿ ಬೇರೊಂದು ಬಗೆಯ ದೀಪ ಕುಳಿತಿರುತ್ತದೆ. ಮೇಲೆ ಮಾಡಾಗಲಿ, ಪಕ್ಕದಲ್ಲಿ ಬಾಗಿಲಾಗಲಿ ಇಲ್ಲದ ಬಂಡಿಯ ಅಂಚಿನಲ್ಲಿ ಒಂದು ಕೈಯಿಂದ ಕಂಬಿಯನ್ನು ಹಿಡಿದು ನಿಂತ ಭಟರು ಮಳೆಗೂ ಹಿಮಕ್ಕೂ ಮೈಯೊಡ್ಡಿ ಸಾಗುತ್ತಿದ್ದುದು ಆ ಚಿತ್ರಗಳಿಂದಲೇ ತಿಳಿಯುತ್ತದೆ.

ಹಳೆಯ ಚಿತ್ರದ ಕಾಲವನ್ನು ನಿರ್ಣಯಿಸುವುದೂ ಒಂದು ವಿದ್ಯೆ. ಗಟ್ಟಿ ರಬ್ಬರಿನ ಟೈರುಗಳಿವೆಯೋ ಗಾಳಿ ತುಂಬಿದ ಟೈರುಗಳಿವೆಯೋ, ಅನಿಲದಿಂದ ಉರಿಯುವ ದೀಪಗಳಿವೆಯೋ ವಿದ್ಯುದ್ದೀಪಗಳಿವೆಯೋ, ಹಿಂದಿನ ಗಾಲಿಗೆ ಸರಪಳಿ ಇದೆಯೋ ಇಲ್ಲವೋ ಎಂದು ಪರೀಕ್ಷಿಸಬೇಕು. ಹಿನ್ನೆಲೆಯ ಅಂಗಡಿಯ ಫಲಕ, ಕಟ್ಟಡ, ಜನರ ಉಡುಪು ಇವೂ ಸಾಕ್ಷಿ ನುಡಿಯುತ್ತವೆ. ಇಲ್ಲಿ ನೆನಪಿಡಬೇಕಾದ ಸೂತ್ರವೊಂದಿದೆ. ಚಿತ್ರದಲ್ಲಿರುವ ಹಳೆಯ ವಸ್ತುವಿನಿಂದ ಕಾಲವನ್ನು ನಿರ್ಣಯಿಸಬಾರದು. ಏಕೆಂದರೆ ಹಳೆಯ ಬಂಡಿಯು ಐವತ್ತು ವರ್ಷವಾದರೂ ಉಳಿದಿರಬಹುದು. ಚಿತ್ರದಲ್ಲಿರುವ ಎಲ್ಲಕ್ಕಿಂತ ಹೊಸ ವಸ್ತು ಯಾವುದೋ, ಚಿತ್ರವು ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಶಾಸನಗಳನ್ನು ಓದುವ ವಿದ್ವಾಂಸರು ಲಿಪಿಯ ರೂಪವನ್ನು ನೋಡಿ ಕಾಲವನ್ನು ಅಳೆಯುವಂತೆಯೇ ಇಲ್ಲಿ ಗಾಲಿ ದೀಪಗಳ ರೂಪವನ್ನು ನೋಡಿ ಕಾಲವನ್ನು ಅಳೆಯಬೇಕು.

ಛಾಯಾಚಿತ್ರವು ಸತ್ಯವನ್ನೇ ಹೇಳುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಅದು ಪೂರ್ಣವಾಗಿ ಸರಿಯಲ್ಲ. ಹಳೆಯ ಕಪ್ಪುಬಿಳುಪು ಚಿತ್ರಗಳಲ್ಲಿ ಕೆಂಪು ಬಂಡಿಯು ಅನೇಕ ವೇಳೆ ಕಪ್ಪಾಗಿ ಕಾಣುತ್ತದೆ. ಮೊದಲಿನ ಫಲಕಗಳು ನೀಲಿ ಬೆಳಕನ್ನು ಚೆನ್ನಾಗಿ ಗ್ರಹಿಸುತ್ತಿದ್ದವು. ಕೆಂಪು ಬೆಳಕು ಮಾತ್ರ ಅವುಗಳಿಗೆ ಕತ್ತಲೆಯಿದ್ದಂತೆ. 1873ರಲ್ಲಿ ಜರ್ಮನಿಯ ಹೆರ್ಮನ್ ಫೋಗೆಲ್ ಎಂಬ ವಿಜ್ಞಾನಿಯು ಫಲಕದ ಲೇಪಕ್ಕೆ ಕೆಲವು ವರ್ಣದ್ರವ್ಯಗಳನ್ನು ಸೇರಿಸಿದರೆ ಅದು ಇತರ ಬಣ್ಣಗಳನ್ನೂ ಗ್ರಹಿಸುತ್ತದೆಂದು ಕಂಡುಹಿಡಿದನು. ಎಲ್ಲ ಬಣ್ಣಗಳನ್ನೂ ಗ್ರಹಿಸುವ ಫಲಕಗಳು ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದದ್ದು 1906ರಲ್ಲಿ. ಅದರ ನಂತರವೂ ಅನೇಕರು ಹಳೆಯ ಬಗೆಯ ಫಲಕಗಳನ್ನೇ ಬಳಸುತ್ತಿದ್ದರು. ಆದುದರಿಂದ ಚಿತ್ರವನ್ನು ಮಾತ್ರ ನಂಬಿ ಬಂಡಿಗೆ ಕಪ್ಪು ಬಣ್ಣ ಬಳಿದವನು ಮೋಸಹೋಗುತ್ತಾನೆ. ತಿಳಿದವರು ಬಂಡಿಯ ಮೈಯನ್ನು ಮೂಲೆಯಲ್ಲಿ ಮೆಲ್ಲನೆ ಕೆರೆದು, ಒಂದರ ಕೆಳಗೊಂದು ಅಡಗಿರುವ ಬಣ್ಣದ ಪದರಗಳನ್ನು ನೋಡುತ್ತಾರೆ; ಊರಿನ ಲೆಕ್ಕಪತ್ರಗಳನ್ನು ಹುಡುಕುತ್ತಾರೆ; ಬಳಿಕ ಚಿತ್ರದೊಡನೆ ಹೋಲಿಸುತ್ತಾರೆ. ಇನ್ನೊಂದು ಅಪಾಯವೂ ಉಂಟು. ನೆಗೆಟಿವ್ ಮಗುಚಿಕೊಂಡರೆ ಚಿತ್ರವು ಕನ್ನಡಿಯ ಪ್ರತಿಬಿಂಬದಂತೆ ಎಡಬಲವಾಗುತ್ತದೆ. ಬಲಗಡೆ ಇದ್ದ ಚಕ್ರವು ಎಡಗಡೆಗೆ ಹೋಗುತ್ತದೆ. ಬಂಡಿಯ ಮೇಲಿನ ಅಕ್ಷರಗಳು ನೇರವಾಗಿವೆಯೇ ಎಂದು ನೋಡಿದರೆ ಈ ದೋಷವು ಹೊರಬೀಳುತ್ತದೆ. ಒಂದು ಸಾಕ್ಷಿಯನ್ನು ಇನ್ನೊಂದು ಸಾಕ್ಷಿಯಿಂದ ಪರೀಕ್ಷಿಸುವುದೇ ಚರಿತ್ರೆಯ ಕ್ರಮ.

ಚಿತ್ರಗಳು ಬಂಡಿಗಳನ್ನು ಉಳಿಸುತ್ತವೆ. ಆದರೆ ಚಿತ್ರಗಳನ್ನು ಉಳಿಸುವವರು ಯಾರು? ಗಾಜಿನ ಫಲಕವು ಕೈಜಾರಿದರೆ ಒಡೆಯುತ್ತದೆ. ಕಾಗದದ ಚಿತ್ರವು ಬಿಸಿಲಿಗೆ ಮಾಸುತ್ತದೆ, ತೇವಕ್ಕೆ ಬೂಷ್ಟು ಹಿಡಿಯುತ್ತದೆ, ಬೆರಳಿನ ಜಿಡ್ಡಿಗೆ ಕಲೆಯಾಗುತ್ತದೆ. 20ನೆಯ ಶತಮಾನದ ಮೊದಲ ಭಾಗದ ಫಿಲ್ಮುಗಳ ಕಥೆ ಇನ್ನೂ ವಿಚಿತ್ರವಾದುದು. ಅವುಗಳಲ್ಲಿ ಅನೇಕವನ್ನು ತಯಾರಿಸಿದ್ದು ನೈಟ್ರೇಟ್ ಎಂಬ ವಸ್ತುವಿನಿಂದ. ಅದು ಬಹು ಬೇಗ ಹತ್ತಿಕೊಳ್ಳುತ್ತದೆ. ಹತ್ತಿಕೊಂಡರೆ ಆರಿಸುವುದು ಬಹಳ ಕಷ್ಟ. ಬೆಂಕಿಯನ್ನು ಆರಿಸುವ ಬಂಡಿಯ ಚಿತ್ರವೇ ಬೆಂಕಿಗೆ ಕಾರಣವಾಗಬಹುದೆಂಬುದು ವಿಪರ್ಯಾಸವಲ್ಲವೇ? ಆದುದರಿಂದ ಸಂಗ್ರಹಾಲಯಗಳಲ್ಲಿ ಅಂತಹ ಫಿಲ್ಮುಗಳನ್ನು ಬೇರೆಯಾಗಿ, ತಣ್ಣನೆಯ ಕೋಣೆಗಳಲ್ಲಿ ಇಡುತ್ತಾರೆ. ಕಾಗದದ ಚಿತ್ರಗಳನ್ನು ಆಮ್ಲವಿಲ್ಲದ ಕಾಗದದ ಲಕೋಟೆಗಳಲ್ಲಿ, ಬೆಳಕೂ ತೇವವೂ ತಾಗದಂತೆ ಕಾಪಾಡುತ್ತಾರೆ. ಮುಟ್ಟಬೇಕಾದಾಗ ಅಂಚನ್ನು ಮಾತ್ರ ಹಿಡಿಯುತ್ತಾರೆ. ಈಗ ಕಂಪ್ಯೂಟರಿನ ಸಹಾಯದಿಂದ ಚಿತ್ರದ ಪ್ರತಿಗಳನ್ನು ಮಾಡಿ, ಬೇರೆ ಬೇರೆ ಸ್ಥಳಗಳಲ್ಲಿ ಇಡುವ ಪದ್ಧತಿಯೂ ಬಂದಿದೆ. ಒಂದು ಕಡೆ ಅನಾಹುತವಾದರೂ ಇನ್ನೊಂದು ಕಡೆ ಪ್ರತಿಯು ಉಳಿಯುತ್ತದೆ. ಆದರೂ ಮೂಲವನ್ನು ಎಸೆಯಬಾರದು; ಪ್ರತಿಯಲ್ಲಿ ಕಾಣದ ವಿವರಗಳು ಮೂಲದಲ್ಲಿ ಇರಬಹುದು.

ಚಿತ್ರಕ್ಕೆ ಬರುವ ಇನ್ನೊಂದು ಮರಣವುಂಟು. ಅದು ಬೂಷ್ಟಿನಿಂದಲೂ ಬೆಂಕಿಯಿಂದಲೂ ಬರುವುದಲ್ಲ, ಮರೆವಿನಿಂದ ಬರುವುದು. ಚಿತ್ರವು ಚೆನ್ನಾಗಿಯೇ ಇರುತ್ತದೆ; ಆದರೆ ಅದರ ಬೆನ್ನಿನ ಮೇಲೆ ಏನನ್ನೂ ಬರೆದಿರುವುದಿಲ್ಲ. ಯಾವ ಊರು, ಯಾವ ವರ್ಷ, ನಿಂತವರು ಯಾರು ಎಂಬುದನ್ನು ಬಲ್ಲವರು ಒಬ್ಬೊಬ್ಬರಾಗಿ ತೀರಿಹೋದ ಮೇಲೆ ಆ ಚಿತ್ರವು ಮೂಕವಾಗುತ್ತದೆ. 2008ರಲ್ಲಿ ಅಮೆರಿಕದ ಕಾಂಗ್ರೆಸ್ ಗ್ರಂಥಾಲಯವು ತನ್ನಲ್ಲಿದ್ದ ಸಾವಿರಾರು ಹಳೆಯ ಚಿತ್ರಗಳನ್ನು ಅಂತರ್ಜಾಲದಲ್ಲಿ ಜನರ ಮುಂದಿಟ್ಟಿತು. ಬೈನ್ ಎಂಬ ಸುದ್ದಿಸಂಸ್ಥೆಯ ಗಾಜಿನ ನೆಗೆಟಿವ್‌ಗಳಿಂದ ಮಾಡಿದ ಚಿತ್ರಗಳೂ ಅವುಗಳಲ್ಲಿದ್ದವು. ಸಾಮಾನ್ಯ ಜನರೇ ಹಳೆಯ ಪತ್ರಿಕೆಗಳನ್ನು ಹುಡುಕಿ, ಬೀದಿಗಳನ್ನು ಗುರುತಿಸಿ, ಎಷ್ಟೋ ಚಿತ್ರಗಳಿಗೆ ಸ್ಥಳವನ್ನೂ ದಿನಾಂಕವನ್ನೂ ಮರಳಿ ದೊರಕಿಸಿಕೊಟ್ಟರು. ಮೂಕವಾಗಿದ್ದ ಚಿತ್ರಗಳಿಗೆ ಮಾತು ಬಂದಿತು. ಆದರೆ ಎಲ್ಲ ಚಿತ್ರಗಳಿಗೂ ಈ ಅದೃಷ್ಟವಿರುವುದಿಲ್ಲ.

ಭಾರತದಲ್ಲಿ ಪ್ರತಿವರ್ಷ ಏಪ್ರಿಲ್ 14ರಂದು ಅಗ್ನಿಶಾಮಕ ಸೇವಾ ದಿನವನ್ನು ಆಚರಿಸುತ್ತಾರೆ. 1944ರ ಆ ದಿನ ಮುಂಬಯಿಯ ಬಂದರಿನಲ್ಲಿ ‘ಫೋರ್ಟ್ ಸ್ಟಿಕೀನ್’ ಎಂಬ ಹಡಗಿಗೆ ಬೆಂಕಿ ಬಿದ್ದಿತು. ಹತ್ತಿಯ ಮೂಟೆಗಳ ಜೊತೆಗೆ ಅದರಲ್ಲಿ ಸಿಡಿಮದ್ದೂ ತುಂಬಿತ್ತು. ಭಟರು ಹಡಗಿನ ಪಕ್ಕದಲ್ಲಿಯೇ ನಿಂತು ನೀರನ್ನು ಹಾಯಿಸುತ್ತಿದ್ದಾಗ ಹಡಗು ಸಿಡಿಯಿತು. ಅರುವತ್ತಕ್ಕೂ ಹೆಚ್ಚು ಮಂದಿ ಅಗ್ನಿಶಾಮಕ ಭಟರು ಪ್ರಾಣವನ್ನು ಒಪ್ಪಿಸಿದರು. ಕರ್ನಾಟಕದ ಅಗ್ನಿಶಾಮಕ ಠಾಣೆಗಳಲ್ಲಿಯೂ ಆ ದಿನ ಅವರನ್ನು ಸ್ಮರಿಸುತ್ತಾರೆ. ಬೆಂಕಿಯು ನುಂಗಿದ್ದನ್ನು ಚಿತ್ರವು ಉಳಿಸಿಕೊಡುವುದಕ್ಕೆ ಕನ್ನಡ ನಾಡಿನಲ್ಲಿಯೂ ನಿದರ್ಶನವುಂಟು. ಮೈಸೂರಿನ ಹಳೆಯ ಮರದ ಅರಮನೆಯು 1897ರಲ್ಲಿ ಸುಟ್ಟುಹೋಯಿತು. ಅದರ ಮುಂಭಾಗ ಹೇಗಿತ್ತೆಂಬುದನ್ನು ಇಂದಿನವರು ಕಣ್ಣಾರೆ ಕಾಣುವುದು ಅದಕ್ಕೆ ಹಿಂದೆ ತೆಗೆದ ಛಾಯಾಚಿತ್ರಗಳಲ್ಲಿ.

ಒಂದು ಊರಿನ ಹಳೆಯ ಅಗ್ನಿಶಾಮಕ ಬಂಡಿಯ ಚಿತ್ರದಲ್ಲಿ ಯಂತ್ರವೊಂದೇ ಇರುವುದಿಲ್ಲ. ಆ ಊರು ತನ್ನ ಜನರ ಪ್ರಾಣಕ್ಕೆ ಎಷ್ಟು ಬೆಲೆ ಕಟ್ಟಿತ್ತು, ಅದಕ್ಕಾಗಿ ಎಷ್ಟು ಖರ್ಚು ಮಾಡಲು ಸಿದ್ಧವಿತ್ತು, ಏಣಿಯನ್ನು ಎಷ್ಟು ಎತ್ತರಕ್ಕೆ ಕಟ್ಟಿಸಿತ್ತು ಎಂಬ ಲೆಕ್ಕವೂ ಅದರಲ್ಲಿ ಇರುತ್ತದೆ. ಬಂಡಿಯ ಪಕ್ಕದಲ್ಲಿ ನಿಂತವರು ಮುಂದಿನ ಗಂಟೆ ಮೊಳಗಿದಾಗ ತಾವು ಹಿಂದಿರುಗುವೆವೋ ಇಲ್ಲವೋ ಎಂಬುದನ್ನು ಅರಿಯದವರು. ಬಂಡಿಯ ಸಂಖ್ಯೆ ಅದರ ಮೈಮೇಲೆಯೇ ಬರೆದಿರುವುದರಿಂದ ನೂರು ವರ್ಷಗಳ ಬಳಿಕವೂ ಓದಲು ಬರುತ್ತದೆ. ಆ ಜನರ ಹೆಸರುಗಳನ್ನು ಮಾತ್ರ ಯಾರಾದರೂ ಕೇಳಿ ಬರೆದಿಡಬೇಕು. ಮನೆಯ ಪೆಟ್ಟಿಗೆಯಲ್ಲಿಯೋ ಠಾಣೆಯ ಗೋಡೆಯ ಮೇಲೋ ಅಂತಹ ಚಿತ್ರವೊಂದು ದೊರೆತಾಗ, ಅದನ್ನು ಗುರುತಿಸಬಲ್ಲ ಹಿರಿಯರು ಇರುವಾಗಲೇ ಅವರ ಬಳಿ ಕುಳಿತು, ಮೆತ್ತನೆಯ ಪೆನ್ಸಿಲಿನಿಂದ ಚಿತ್ರದ ಹಿಂಭಾಗದಲ್ಲಿ ಊರು, ವರ್ಷ, ಹೆಸರು ಇವನ್ನು ಬರೆದಿಡುವುದು ದೊಡ್ಡ ಖರ್ಚಿನ ಕೆಲಸವಲ್ಲ. ಅದಕ್ಕೆ ವಿಶಾಲವಾದ ಕಟ್ಟಡ ಬೇಡ, ಕುಲುಮೆ ಬೇಡ, ಯಂತ್ರಜ್ಞರೂ ಬೇಡ. ಶಾಲೆಯ ವಿದ್ಯಾರ್ಥಿಗಳೂ ಮಾಡಬಹುದಾದ ಕೆಲಸವದು.

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಚರ್ಮದ ಉದ್ದನೆಯ ಕೊಳವೆಯನ್ನು ರೂಪಿಸಿದ ಚಿತ್ರಕಾರನು ಯಾರು?
2. ಸಿನ್ಸಿನಾಟಿ ನಗರದಲ್ಲಿ ಖಾಯಂ ದಳವು ಸ್ಥಾಪನೆಯಾದುದು ಯಾವಾಗ?
3. ಬಾಸ್ಟನ್ ನಗರದಲ್ಲಿ ಜನರೇ ಬಂಡಿಗಳನ್ನು ಎಳೆಯಬೇಕಾದ ಸಂದರ್ಭ ಏಕೆ ಬಂದಿತು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಹಳೆಯ ಚಿತ್ರಗಳಲ್ಲಿ ಕೆಂಪು ಬಂಡಿಯು ಕಪ್ಪಾಗಿ ಕಾಣಲು ಕಾರಣವೇನು?
2. ಚಿತ್ರದ ಕಾಲವನ್ನು ನಿರ್ಣಯಿಸುವಾಗ ನೆನಪಿಡಬೇಕಾದ ಸೂತ್ರವನ್ನು ವಿವರಿಸಿರಿ.
3. ಕಾರ್ಖಾನೆಯ ಮುಂದೆ ತೆಗೆದ ಚಿತ್ರಕ್ಕೂ ಬೀದಿಯಲ್ಲಿ ತೆಗೆದ ಚಿತ್ರಕ್ಕೂ ಇರುವ ವ್ಯತ್ಯಾಸವೇನು?

ಇ. ಸಂದರ್ಭದೊಡನೆ ವಿವರಿಸಿರಿ.
1. “ಅದರ ಮೇಲಕ್ಕೆ ಅದು ಬೆಳೆಯಲಿಲ್ಲ.”
2. “ಮೂಕವಾಗಿದ್ದ ಚಿತ್ರಗಳಿಗೆ ಮಾತು ಬಂದಿತು.”

ಈ. ಚಟುವಟಿಕೆ
ನಿಮ್ಮ ಮನೆಯಲ್ಲಿ ಅಥವಾ ಊರಿನಲ್ಲಿ ಇರುವ ಒಂದು ಹಳೆಯ ಛಾಯಾಚಿತ್ರ ಯಾವ ಕಾಲದ್ದು, ಅದರಲ್ಲಿ ಇರುವವರು ಯಾರು, ಯಾವ ವಸ್ತುಗಳು ಕಾಣುತ್ತವೆ ಎಂಬುದನ್ನು ಹಿರಿಯರಿಂದ ಕೇಳಿ ತಿಳಿದು ಒಂದು ಪುಟದಲ್ಲಿ ಬರೆಯಿರಿ.